ದಶಮಾಂಶದ ಗೆರೆಯಿಂದ ಊರಿನ ಆಡಳಿತದವರೆಗೆ: ಇಂಗ್ಲೆಂಡಿನ ಪ್ಯಾರಿಷ್ ಬೆಳೆದ ಬಗೆ

ಇಂಗ್ಲೆಂಡಿನ ಹಳ್ಳಿಯಲ್ಲೋ ಸಣ್ಣ ಊರಿನಲ್ಲೋ ಮನೆ ಮಾಡಿದ ಕನ್ನಡಿಗರಿಗೆ ಮಾರ್ಚ್ ಹೊತ್ತಿಗೆ ಬರುವ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ನಾಲ್ಕೈದು ಸಾಲುಗಳಿರುತ್ತವೆ. ಕೌಂಟಿಗೆ ಇಷ್ಟು, ಡಿಸ್ಟ್ರಿಕ್ಟಿಗೆ ಇಷ್ಟು, ಪೊಲೀಸಿಗೆ ಇಷ್ಟು, ಅಗ್ನಿಶಾಮಕ ದಳಕ್ಕೆ ಇಷ್ಟು ಎಂದಾದ ಮೇಲೆ ಕೊನೆಗೆ ಸಣ್ಣ ಮೊತ್ತದ ಇನ್ನೊಂದು ಸಾಲು: ಪ್ಯಾರಿಷ್. ಪ್ಯಾರಿಷ್ ಎಂದರೆ ಪಾದ್ರಿ, ಚರ್ಚು, ಭಾನುವಾರದ ಆರಾಧನೆ ಎಂದು ತಿಳಿದವರಿಗೆ ಇದು ಗೊಂದಲ. ಚರ್ಚಿಗೇ ಹೋಗದ ನಾವು ಇದನ್ನೇಕೆ ಕಟ್ಟಬೇಕು?

ಆ ಹಣ ಹೋಗುವುದು ಚರ್ಚಿಗಲ್ಲ, ಪ್ಯಾರಿಷ್ ಕೌನ್ಸಿಲ್ಲಿಗೆ. ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದಾದ, ಮತದಿಂದ ಆಯ್ಕೆಯಾದ ಸಂಸ್ಥೆ ಅದು. ಆದರೆ ಹೆಸರು ಮಾತ್ರ ಚರ್ಚಿನದೇ. ಈ ಹೆಸರು ಹೇಗೆ ಉಳಿಯಿತು ಎಂದು ಹುಡುಕುತ್ತ ಹೋದರೆ ಸಿಗುವುದು ಇಂಗ್ಲೆಂಡಿನ ಸ್ಥಳೀಯ ಆಡಳಿತದ ಸಾವಿರ ವರ್ಷದ ಕಥೆ. ಅದರ ತಿರುಳು ಇಷ್ಟೇ: ಒಂದು ಗೆರೆಯೊಳಗೆ ಒಮ್ಮೆ ವಸೂಲಿ ಶುರುವಾಯಿತೆಂದರೆ, ಮುಂದೆ ಬಂದ ಪ್ರತಿಯೊಂದು ಹೊರೆಯನ್ನೂ ಆ ಗೆರೆಯೊಳಗಿನವರ ಮೇಲೆಯೇ ಹೊರಿಸಲಾಯಿತು.

ಪದದ ಬಗ್ಗೆ ಒಂದು ಮಾತು. ಪ್ಯಾರಿಷ್ ಬಂದದ್ದು 'ಪಕ್ಕದಲ್ಲಿ ನೆಲೆಸುವುದು' ಎಂಬ ಅರ್ಥದ ಗ್ರೀಕ್ ಪದದಿಂದ. ಮಂಗಳೂರಿನ ಕೊಂಕಣಿ ಕ್ಯಾಥೋಲಿಕರು ಇದನ್ನು 'ಫಿರ್ಗಜ್' ಎನ್ನುತ್ತಾರೆ. ಅದು ಪೋರ್ಚುಗೀಸಿನ 'ಫ್ರೆಗೆಜಿಯಾ'; ಅದರ ಬೇರು 'ಚರ್ಚಿನ ಮಗ' ಎಂಬರ್ಥದ ಲ್ಯಾಟಿನ್ ನುಡಿ. ಕನ್ನಡ ಕ್ಯಾಥೋಲಿಕರ ಬಳಕೆಯಲ್ಲಿ 'ಧರ್ಮಕೇಂದ್ರ'. ಪೋರ್ಚುಗಲ್ಲಿನಲ್ಲಿ ಫ್ರೆಗೆಜಿಯಾ ಇಂದಿಗೂ ಸರ್ಕಾರಿ ಆಡಳಿತದ ಅತಿ ಕೆಳಗಿನ ಘಟಕ. ನಮ್ಮ ಕರಾವಳಿಯಲ್ಲಿ ಆ ಪದಕ್ಕೆ ಧಾರ್ಮಿಕ ಅರ್ಥ ಮಾತ್ರ ಇದೆ. ಇಂಗ್ಲೆಂಡಿನಲ್ಲಿ ಎರಡೂ ಅರ್ಥಗಳು ಅಕ್ಕಪಕ್ಕದಲ್ಲಿ ಬದುಕಿವೆ.

ಹತ್ತನೇ ಸಿವುಡು ಯಾರ ಕಣಜಕ್ಕೆ?

7ನೇ ಶತಮಾನದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಿಯೋಡೋರ್ ಇಡೀ ಇಂಗ್ಲೆಂಡನ್ನು ಪ್ಯಾರಿಷ್‌ಗಳಾಗಿ ಹಂಚಿದನೆಂದು ಹಳೆಯ ಪುಸ್ತಕಗಳು ಬರೆದವು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಥಿಯೋಡೋರ್ ಸರಿಪಡಿಸಿದ್ದು ಬಿಷಪ್ಪರ ಧರ್ಮಪ್ರಾಂತ್ಯಗಳನ್ನು. ಆ ಕಾಲದಲ್ಲಿ ಇದ್ದದ್ದು 'ಮಿನ್‌ಸ್ಟರ್' ಎಂಬ ದೊಡ್ಡ ಚರ್ಚುಗಳು. ಒಂದೊಂದರಲ್ಲೂ ಹಲವು ಪಾದ್ರಿಗಳು ಒಟ್ಟಿಗೆ ಇದ್ದು, ಸುತ್ತಲಿನ ಹತ್ತಾರು ಹಳ್ಳಿಗಳಿಗೆ ಹೋಗಿಬರುತ್ತಿದ್ದರು.

10ರಿಂದ 12ನೇ ಶತಮಾನದ ನಡುವೆ ಈ ದೊಡ್ಡ ವಲಯಗಳು ಒಡೆದವು. ಜಮೀನಿನ ಒಡೆಯರು ತಮ್ಮ ತಮ್ಮ ಜಮೀನಿನಲ್ಲಿ ಸ್ವಂತ ಚರ್ಚು ಕಟ್ಟಿಸಿ, ಅದಕ್ಕೆ ತಾವೇ ಪಾದ್ರಿಯನ್ನು ನೇಮಿಸತೊಡಗಿದರು. ಆಗ ಎದ್ದ ಜಗಳ ಬೆಳೆಯ ಹತ್ತನೇ ಒಂದು ಪಾಲಿನದು. ಈ ದಶಮಾಂಶ ಹಳೆಯ ಮಿನ್‌ಸ್ಟರಿಗೆ ಸೇರಬೇಕೋ, ಹೊಸ ಚರ್ಚಿಗೋ? 959ರಿಂದ 975ರವರೆಗೆ ಆಳಿದ ಎಡ್ಗರ್ ದೊರೆಯ ಶಾಸನ ಇದನ್ನು ಬಗೆಹರಿಸಿತು. ದಶಮಾಂಶ ಕಡ್ಡಾಯ, ಅದು ಹಳೆಯ ಮಿನ್‌ಸ್ಟರಿಗೇ ಸಲ್ಲಬೇಕು. ಆದರೆ ಒಡೆಯನ ಚರ್ಚಿಗೆ ಸ್ಮಶಾನವೂ ಇದ್ದರೆ, ಅವನು ತನ್ನ ದಶಮಾಂಶದ ಮೂರನೇ ಒಂದು ಪಾಲನ್ನು ಅದಕ್ಕೆ ಕೊಡಬಹುದು. ಹೆಣ ಹೂಳುವ ಹಕ್ಕು ಇದ್ದ ಚರ್ಚು ಮೇಲೇರಿತು, ಇಲ್ಲದ್ದು ಉಪಚರ್ಚಾಗಿ ಉಳಿಯಿತು.

ಹೀಗೆ ಯಾವ ಹೊಲದ ಹತ್ತನೇ ಸಿವುಡು ಯಾವ ಚರ್ಚಿಗೆ ಎಂಬುದು ತೀರ್ಮಾನವಾದಾಗಲೇ ಪ್ಯಾರಿಷ್‌ಗೆ ಗಡಿ ಬಂತು. 12ನೇ ಶತಮಾನದಲ್ಲಿ ಚರ್ಚಿನ ಕಾನೂನು ಬಿಗಿಯಾದ ಮೇಲೆ ಆ ಗಡಿಗಳು ಹೆಚ್ಚುಕಡಿಮೆ ಹೆಪ್ಪುಗಟ್ಟಿದವು, ಏಕೆಂದರೆ ಗಡಿ ಬದಲಿಸುವುದೆಂದರೆ ಒಬ್ಬ ಪಾದ್ರಿಯ ಆದಾಯವನ್ನು ಕಿತ್ತು ಇನ್ನೊಬ್ಬನಿಗೆ ಕೊಡುವುದು. ನಕಾಶೆಯಲ್ಲಿ ವಿಚಿತ್ರವಾಗಿ ಕಾಣುವ ಆಕಾರಗಳಿಗೂ ಇದೇ ಕಾರಣ. ಲಿಂಕನ್‌ಶೈರಿನ ಸುಣ್ಣಕಲ್ಲಿನ ದಿಬ್ಬದುದ್ದಕ್ಕೂ ಪ್ಯಾರಿಷ್‌ಗಳು ಅಗಲ ಕಡಿಮೆ, ಉದ್ದ ಬಹಳ ಎಂಬಂತೆ ಪಟ್ಟಿಪಟ್ಟಿಯಾಗಿವೆ. ಪ್ರತಿ ಜಮೀನಿಗೂ ಮೇಲೆ ಕುರಿ ಮೇಯಿಸುವ ದಿಬ್ಬ, ನಡುವೆ ಒರತೆಯಿರುವ ಊರಿನ ಜಾಗ, ಕೆಳಗೆ ಹುಲ್ಲುಗಾವಲಿನ ತಗ್ಗು ಬೇಕಿತ್ತು. ಜಮೀನಿನ ಅಂಚೇ ಪ್ಯಾರಿಷ್‌ನ ಅಂಚಾಯಿತು. ಒಡೆಯನಿಗೆ ಹತ್ತು ಮೈಲಿ ದೂರದಲ್ಲಿ ಒಂದು ಕಾಡು ಇದ್ದರೆ ಅದೂ ಅದೇ ಪ್ಯಾರಿಷ್‌ನ ಬಿಡಿ ತುಂಡಾಯಿತು. ಇಂಥ ತುಂಡುಗಳು 19ನೇ ಶತಮಾನದ ಕೊನೆಯವರೆಗೂ ಅಧಿಕಾರಿಗಳನ್ನು ಕಾಡಿದವು.

ಗಾತ್ರದಲ್ಲಿ ಅಜಗಜಾಂತರ. ಲಂಡನ್ನಿನ ಹಳೆಯ ನಗರದಲ್ಲಿ ಒಂದು ಚದರ ಮೈಲಿಯ ಆಸುಪಾಸಿನಲ್ಲೇ ನೂರಕ್ಕೂ ಹೆಚ್ಚು ಪ್ಯಾರಿಷ್‌ಗಳಿದ್ದವು. ನಾರಿಚ್ ನಗರದಲ್ಲಿ ಐವತ್ತಕ್ಕೂ ಹೆಚ್ಚು. ಉತ್ತರದ ಬೆಟ್ಟದ ಸೀಮೆಯಲ್ಲಿ, ಉದಾಹರಣೆಗೆ ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸಿನಲ್ಲಿ, ಒಂದೇ ಪ್ಯಾರಿಷ್ ನೂರಕ್ಕೂ ಹೆಚ್ಚು ಚದರ ಮೈಲಿ ಹರಡಿ, ಒಳಗೆ ಇಪ್ಪತ್ತಕ್ಕೂ ಮಿಕ್ಕಿ 'ಟೌನ್‌ಶಿಪ್' ಎಂಬ ಊರುಗಳಿದ್ದವು. ಬೆಳೆ ಕಡಿಮೆಯಿದ್ದಲ್ಲಿ ಒಬ್ಬ ಪಾದ್ರಿಯ ಹೊಟ್ಟೆ ತುಂಬಲು ಅಷ್ಟು ನೆಲ ಬೇಕಾಗಿತ್ತು. ದಕ್ಷಿಣ ಮತ್ತು ಉತ್ತರದ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಇಡೀ ವ್ಯವಸ್ಥೆಯನ್ನು ಬೇರೆ ದಾರಿಗೆ ಹೊರಳಿಸುತ್ತದೆ.

ಇಲ್ಲಿಯವರೆಗೆ ಪ್ಯಾರಿಷ್ ಸರ್ಕಾರದ ಘಟಕವಾಗಿರಲಿಲ್ಲ. 1086ರ ಡೂಮ್ಸ್‌ಡೇ ಸಮೀಕ್ಷೆ ಎಣಿಸಿದ್ದು ಜಮೀನುಗಳನ್ನು, ಹಳ್ಳಿಗಳನ್ನು. ರಾಜನ ತೆರಿಗೆ, ಕಾವಲು, ಕಾನ್ಸ್‌ಟೇಬಲ್ ಎಲ್ಲವೂ ಹಳ್ಳಿ ಮತ್ತು ಒಡೆಯನ ಜಮೀನಿನ ನ್ಯಾಯಸ್ಥಾನವಾದ ಮೇನರ್ ಕೋರ್ಟಿನ ಕೆಳಗೆ ಇದ್ದವು. ಆದರೆ ಪ್ಯಾರಿಷ್ ಜನರು ಒಂದು ಕೆಲಸದಲ್ಲಿ ಪಳಗುತ್ತಿದ್ದರು. 13ನೇ ಶತಮಾನದ ಹೊತ್ತಿಗೆ ನಿಯಮ ಹೀಗೆ ನಿಂತಿತ್ತು: ಚರ್ಚಿನ ಪೂರ್ವದ ಭಾಗ, ಅಂದರೆ ಪೂಜಾವೇದಿಕೆಯಿರುವ ಚಾನ್ಸೆಲ್, ರಿಪೇರಿಯಾಗಬೇಕಾದ್ದು ದಶಮಾಂಶ ಪಡೆಯುವ ರೆಕ್ಟರನ ಖರ್ಚಿನಲ್ಲಿ. ಜನ ನಿಲ್ಲುವ ಅಂಕಣದ ರಿಪೇರಿ ಜನರದೇ. ಅದಕ್ಕಾಗಿ ಹಣ ಎತ್ತಿ, ಲೆಕ್ಕ ಇಡಲು ಅವರು ತಮ್ಮೊಳಗಿನಿಂದ ಆರಿಸಿದವನೇ ಚರ್ಚ್‌ವಾರ್ಡನ್. ಹಣ ಎತ್ತುವುದು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು, ಸರದಿಯಂತೆ ಹುದ್ದೆ ಹೊರುವುದು ಈ ಮೂರೂ ಜನರಿಗೆ ಅಭ್ಯಾಸವಾದದ್ದು ಚರ್ಚಿನ ಮಾಡಿನ ಕೆಳಗೆ.

ಟ್ಯೂಡರ್ ದೊರೆಗಳು ಹೊರೆ ಹೊರಿಸಿದ ಬಗೆ

ಟ್ಯೂಡರ್ ವಂಶ ಆಳಿದ 16ನೇ ಶತಮಾನದಲ್ಲಿ ರಾಜ್ಯಕ್ಕೆ ಪ್ರತಿ ಊರಿನಲ್ಲೂ ಕೈಕಾಲು ಬೇಕಾಯಿತು. ಸಂಬಳ ಕೊಡಲು ಹಣವಿರಲಿಲ್ಲ. ಮೇನರ್ ಕೋರ್ಟುಗಳು ಸೊರಗುತ್ತಿದ್ದವು. ದೇಶದ ಉದ್ದಗಲಕ್ಕೂ ಹರಡಿ, ಪ್ರತಿ ಭಾನುವಾರ ಎಲ್ಲರೂ ಒಂದೆಡೆ ಸೇರುವ, ಗಡಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿದ್ದ ಘಟಕ ಒಂದೇ, ಪ್ಯಾರಿಷ್.

ಮೊದಲು ಬಂದದ್ದು ದಾಖಲೆ. 1538ರಲ್ಲಿ ಎಂಟನೇ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪಾದ್ರಿ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆಯಬೇಕು. ಭಾನುವಾರ ವಾರ್ಡನ್ನಿನ ಎದುರಿಗೆ ಬರೆದು, ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ತಪ್ಪಿದರೆ 3 ಶಿಲಿಂಗ್ 4 ಪೆನ್ಸ್ ದಂಡ, ಅದು ಚರ್ಚಿನ ರಿಪೇರಿಗೆ.

ಆಮೇಲೆ ರಸ್ತೆ. 1555ರ ಕಾಯ್ದೆ ಪ್ರತಿ ಪ್ಯಾರಿಷ್ ಇಬ್ಬರು ರಸ್ತೆ ಸರ್ವೇಯರ್‌ಗಳನ್ನು ಆರಿಸಬೇಕೆಂದಿತು. ಪ್ರತಿ ಮನೆಯವರೂ ವರ್ಷಕ್ಕೆ 4 ದಿನ, ದಿನಕ್ಕೆ 8 ಗಂಟೆ ಬಿಟ್ಟಿ ದುಡಿಯಬೇಕು. ಉಳುವ ನೆಲವಿದ್ದವರು ಗಾಡಿ ಮತ್ತು ಇಬ್ಬರು ಆಳುಗಳನ್ನು ಕಳಿಸಬೇಕು. 1563ರಲ್ಲಿ ಅದು 6 ದಿನವಾಯಿತು. ಈ ಕಾಯ್ದೆಯ ದೋಷ ಬೇಗನೆ ಹೊರಬಿತ್ತು. ತಮ್ಮ ಊರಿನಿಂದ ಸಂತೆಗೆ ಹೋಗುವ ದಾರಿಗೆ ಜನ ಮಣ್ಣು ಹಾಕಿಯಾರು. ಆದರೆ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ತಮ್ಮ ಪ್ಯಾರಿಷ್ ಹಾಯ್ದು ಹೋದ ಮಾತ್ರಕ್ಕೆ, ಯಾರದೋ ಭಾರದ ಬಂಡಿಗಳು ಕೊರೆದ ಹಳ್ಳವನ್ನು ಇವರೇ ಮುಚ್ಚಬೇಕೆ? ಸರ್ವೇಯರ್‌ಗೆ ರಸ್ತೆ ಕೆಲಸ ಗೊತ್ತಿರಲಿಲ್ಲ, ವರ್ಷ ಮುಗಿದರೆ ಅವನು ಬೇರೆ. 1663ರಲ್ಲಿ ಹರ್ಟ್‌ಫರ್ಡ್‌ಶೈರಿನ ವೇಡ್ಸ್‌ಮಿಲ್ಲಿನಲ್ಲಿ ಮೊದಲ ಸುಂಕದ ಗೇಟು ಬಂದು, ಬಳಸುವವರೇ ಹಣ ಕೊಡುವ ರಸ್ತೆಗಳು ಆರಂಭವಾದದ್ದು ಈ ಸೋಲಿನಿಂದ. ಆದರೂ ಬಿಟ್ಟಿ ದುಡಿಮೆ ಕಾನೂನಿನ ಪುಸ್ತಕದಲ್ಲಿ 1835ರವರೆಗೆ ಉಳಿಯಿತು.

ಪಟ್ಟಿ ಇಷ್ಟಕ್ಕೆ ನಿಲ್ಲಲಿಲ್ಲ. 1566ರ ಕಾಯ್ದೆಯಂತೆ ಬೆಳೆ ಹಾಳುಮಾಡುವ ಪ್ರಾಣಿಗಳ ತಲೆ ತಂದವರಿಗೆ ವಾರ್ಡನ್ ಬಹುಮಾನ ಕೊಡಬೇಕಿತ್ತು: ನರಿಗೆ 12 ಪೆನ್ಸ್, ಮುಳ್ಳುಹಂದಿಗಿಂತ ಚಿಕ್ಕದಾದ ಹೆಜ್‌ಹಾಗ್‌ಗೆ 2 ಪೆನ್ಸ್. ಪ್ಯಾರಿಷ್ ಲೆಕ್ಕದ ಪುಸ್ತಕಗಳಲ್ಲಿ ಕಮ್ಯುನಿಯನ್ನಿನ ವೈನ್, ಗಂಟೆಯ ಹಗ್ಗ, ನರಿಯ ತಲೆ ಒಂದರ ಕೆಳಗೊಂದು ಬರುವುದು ಅದಕ್ಕೇ.

1601: ಬಡವರ ಹೊಣೆ ಊರಿನದು

ಎಲ್ಲಕ್ಕಿಂತ ಭಾರವಾದ ಹೊರೆ 1601ರ ಬಡವರ ಕಾಯ್ದೆ. ಪ್ಯಾರಿಷ್ ನಿಜವಾಗಿ ಸರ್ಕಾರದ ಘಟಕವಾದದ್ದು ಇಲ್ಲಿಂದ. ಬಡವರಿಗೆ ಆಸರೆಯಾಗಿದ್ದ ಮಠಗಳು ಮುಚ್ಚಿದ್ದವು, ಬೆಲೆ ಏರಿತ್ತು, 1590ರ ದಶಕದಲ್ಲಿ ಸತತವಾಗಿ ಬೆಳೆ ಕೈಕೊಟ್ಟಿತ್ತು. 1598ರಲ್ಲಿ ಮಾಡಿದ ಕಾಯ್ದೆಯನ್ನೇ ತಿದ್ದಿ 1601ರಲ್ಲಿ ನಿಲ್ಲಿಸಿದರು.

ಅದು ನಡೆಯುತ್ತಿದ್ದ ಕ್ರಮ ಹೀಗೆ. ಈಸ್ಟರ್ ವಾರದಲ್ಲಿ ಅಥವಾ ಅದಾದ ಒಂದು ತಿಂಗಳೊಳಗೆ, 'ಜಸ್ಟೀಸ್ ಆಫ್ ದಿ ಪೀಸ್' ಎಂಬ ಇಬ್ಬರು ಸ್ಥಳೀಯ ನ್ಯಾಯಾಧಿಕಾರಿಗಳು ಸಹಿ ಮತ್ತು ಮುದ್ರೆ ಹಾಕಿ, ಊರಿನ ಉಳ್ಳವರಲ್ಲಿ 2ರಿಂದ 4 ಮಂದಿಯನ್ನು ಬಡವರ ಓವರ್‌ಸಿಯರ್ ಎಂದು ನೇಮಿಸುತ್ತಿದ್ದರು. ವಾರ್ಡನ್ನರು ಹುದ್ದೆಯ ಕಾರಣದಿಂದಲೇ ಓವರ್‌ಸಿಯರ್‌ಗಳು. ಸಂಬಳವಿಲ್ಲ, ಬೇಡ ಎಂದರೆ ದಂಡ. ತಿಂಗಳಿಗೊಮ್ಮೆಯಾದರೂ ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನಲ್ಲೇ ಸಭೆ. ನೆಲ ಮತ್ತು ಮನೆಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಪೌಂಡಿಗೆ ಇಷ್ಟು ಪೆನ್ಸ್ ಎಂದು ಕರ ನಿಗದಿ. ಆಗ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ವರ್ಷಕ್ಕೆ 40 ಪೌಂಡ್ ಬೆಲೆಬಾಳುವ ಹೊಲ ಹಿಡಿದವನಿಗೆ ಪೌಂಡಿಗೆ 6 ಪೆನ್ಸ್ ದರವಾದರೆ 240 ಪೆನ್ಸ್, ಅಂದರೆ ಸರಿಯಾಗಿ ಒಂದು ಪೌಂಡ್. ಕಟ್ಟದಿದ್ದರೆ ಮನೆಯ ಸಾಮಾನು ಜಪ್ತಿ. ಕರ ಕಟ್ಟಬೇಕಾದವನು ನೆಲದ ಮಾಲೀಕನಲ್ಲ, ಅದನ್ನು ಅನುಭವಿಸುತ್ತಿರುವ ಗೇಣಿದಾರ.

ಆ ಹಣದಿಂದ ಮೂರು ಕೆಲಸ. ದುಡಿಯಲಾಗದ ಮುದುಕರು, ಕುರುಡರು, ಅಂಗವಿಕಲರಿಗೆ ವಾರದ ಕಾಸು. ಮೈಯಲ್ಲಿ ಶಕ್ತಿಯಿದ್ದೂ ಕೆಲಸವಿಲ್ಲದವರಿಗೆ ಕೊಡಲು ಅಗಸೆ ನಾರು, ಸೆಣಬು, ಉಣ್ಣೆ, ಕಬ್ಬಿಣದ ದಾಸ್ತಾನು. ಬಡವರ ಮಕ್ಕಳನ್ನು ಯಜಮಾನರ ಬಳಿ ಕಸುಬಿಗೆ ಹಾಕುವುದು: ಗಂಡು 24 ವರ್ಷದವರೆಗೆ, ಹೆಣ್ಣು 21 ಅಥವಾ ಮದುವೆಯವರೆಗೆ. ವರ್ಷ ಮುಗಿದ ನಾಲ್ಕು ದಿನದೊಳಗೆ ಇಬ್ಬರು ಜಸ್ಟೀಸರಿಗೆ ಲೆಕ್ಕ ಒಪ್ಪಿಸಿ, ಉಳಿದ ಹಣವನ್ನು ಹೊಸಬರ ಕೈಗಿಡಬೇಕು.

ಹಸಿದವನಿಗೆ ಅನ್ನ ಕೊಡುವ ಹೊಣೆಯನ್ನು ಕಡ್ಡಾಯ ತೆರಿಗೆಯ ಮೇಲೆ ದೇಶದುದ್ದಕ್ಕೂ ನಿಲ್ಲಿಸಿದ ಈ ವ್ಯವಸ್ಥೆ ಆ ಕಾಲಕ್ಕೆ ದೊಡ್ಡ ಸಾಧನೆ. ಅದರಲ್ಲಿ ಅನುಮಾನವಿಲ್ಲ. ಆದರೆ ಹೊಣೆಯನ್ನು ಪುಟ್ಟ ಪುಟ್ಟ ಗೆರೆಗಳೊಳಗೆ ಹಂಚಿದಾಗಲೇ ಅದರ ಕ್ರೌರ್ಯವೂ ಹುಟ್ಟಿತು. ನಮ್ಮ ಊರಿನ ಬಡವನನ್ನು ನಾವು ಸಾಕುತ್ತೇವೆ, ಸರಿ. ಆದರೆ ಯಾರು ನಮ್ಮ ಊರಿನವನು?

ಯಾರು ನಮ್ಮವನು: 1662ರ ಸೆಟ್ಲ್‌ಮೆಂಟ್

ಉತ್ತರ ಕೊಟ್ಟದ್ದು 1662ರ ಕಾಯ್ದೆ. ಹೊಸಬನೊಬ್ಬ ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ನಿಂತರೆ, ಮುಂದೆ ಪ್ಯಾರಿಷ್‌ಗೆ ಭಾರವಾಗಬಹುದು ಎಂಬ ಅನುಮಾನದ ಮೇಲೆಯೇ 40 ದಿನದೊಳಗೆ ದೂರು ಕೊಟ್ಟು, ಇಬ್ಬರು ಜಸ್ಟೀಸರ ಆದೇಶದಿಂದ ಅವನನ್ನು ಹಿಂದಿನ ಊರಿಗೆ ಕಳಿಸಬಹುದಿತ್ತು. 40 ದಿನ ಕಳೆದರೆ ಅವನಿಗೆ ಇಲ್ಲಿ 'ಸೆಟ್ಲ್‌ಮೆಂಟ್', ಅಂದರೆ ನೆರವು ಕೇಳುವ ಹಕ್ಕು. ಜನ ಬಚ್ಚಿಟ್ಟುಕೊಂಡು ದಿನ ಎಣಿಸತೊಡಗಿದಾಗ 1685ರಲ್ಲಿ ತಿದ್ದಿದರು: ಲಿಖಿತ ಸೂಚನೆ ಕೊಟ್ಟ ದಿನದಿಂದ 40 ದಿನ. 1691ರಲ್ಲಿ ಆ ಸೂಚನೆಯನ್ನು ಚರ್ಚಿನಲ್ಲಿ ಓದಬೇಕೆಂದರು. ತನ್ನನ್ನು ಓಡಿಸಿ ಎಂದು ತಾನೇ ಸಾರುವ ಬಡವ ಯಾರು? ಆ ದಾರಿ ಮುಚ್ಚಿದಂತೆಯೇ ಆಯಿತು.

ಬೇರೆ ದಾರಿಗಳು ತೆರೆದಿದ್ದವು. ಪ್ಯಾರಿಷ್ ಕರ ಕಟ್ಟಿದವನು, ಅಲ್ಲಿ ಒಂದು ವರ್ಷ ಹುದ್ದೆ ಹೊತ್ತವನು, ಅಲ್ಲಿ ಕಸುಬು ಕಲಿಯಲು ಕರಾರಾದವನು, ಮದುವೆಯಾಗದೆ ಪೂರ್ತಿ ಒಂದು ವರ್ಷ ಆಳಾಗಿ ದುಡಿದವನು ಸೆಟ್ಲ್‌ಮೆಂಟ್ ಪಡೆಯುತ್ತಿದ್ದ. ಇದರ ಫಲವಾಗಿ ಎಷ್ಟೋ ರೈತರು ಆಳನ್ನು 51 ವಾರಕ್ಕೆ ಹಿಡಿದು ಒಂದು ವಾರ ಬಿಡಿಸುವುದನ್ನು ಕಲಿತರು. ಹೆಂಡತಿಗೆ ಗಂಡನ ಸೆಟ್ಲ್‌ಮೆಂಟ್, ಮಕ್ಕಳಿಗೆ ತಂದೆಯದು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಮಾತ್ರ ಹುಟ್ಟಿದ ಪ್ಯಾರಿಷ್‌ನದು. ಹೀಗಾಗಿ ದಿನ ತುಂಬಿದ ಅವಿವಾಹಿತ ಹೆಂಗಸನ್ನು ಗಾಡಿಯಲ್ಲಿ ಹಾಕಿ, ಹೆರಿಗೆಗೆ ಮೊದಲೇ ಗಡಿ ದಾಟಿಸುವ ಅವಸರ ಓವರ್‌ಸಿಯರ್‌ಗಳಿಗೆ. ಆ ಗಾಡಿ ಬಾಡಿಗೆಯ ಲೆಕ್ಕ ಇಂದಿಗೂ ಪುಸ್ತಕಗಳಲ್ಲಿ ಸಿಗುತ್ತದೆ. ಹತ್ತನೇ ಸಿವುಡಿಗಾಗಿ ಎಳೆದಿದ್ದ ಗೆರೆ ಈಗ ಒಬ್ಬ ಬಸುರಿಯ ಹಣೆಬರಹ ತೀರ್ಮಾನಿಸುತ್ತಿತ್ತು.

1697ರ ಕಾಯ್ದೆ ಎರಡು ಕೆಲಸ ಮಾಡಿತು. ತವರು ಪ್ಯಾರಿಷ್ 'ಇವನು ನಮ್ಮವನು, ಕಷ್ಟ ಬಂದರೆ ನಾವು ವಾಪಸ್ ಕರೆಸಿಕೊಳ್ಳುತ್ತೇವೆ' ಎಂದು ಬರೆದುಕೊಟ್ಟ ಸರ್ಟಿಫಿಕೇಟ್ ಇದ್ದರೆ, ನಿಜವಾಗಿ ನೆರವು ಕೇಳುವವರೆಗೂ ಅವನನ್ನು ಮುಟ್ಟುವಂತಿಲ್ಲ. ಅದರ ಜೊತೆಗೆ, ನೆರವು ಪಡೆಯುವ ಕುಟುಂಬದ ಪ್ರತಿಯೊಬ್ಬರೂ ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯ ಅಕ್ಷರ ಹೊಲಿದುಕೊಳ್ಳಬೇಕಾಯಿತು: ಬಡವ ಎಂಬುದಕ್ಕೆ 'ಪಿ', ಪಕ್ಕದಲ್ಲಿ ಪ್ಯಾರಿಷ್ ಹೆಸರಿನ ಮೊದಲ ಅಕ್ಷರ. ಈ ನಿಯಮ ರದ್ದಾದದ್ದು 1810ರಲ್ಲಿ. ಬರೀ ಅನುಮಾನದ ಮೇಲೆ ಓಡಿಸುವುದು 1795ರಲ್ಲಿ ನಿಂತಿತು.

ಇದೇ 1662ರ ಕಾಯ್ದೆಯ ಒಂದು ವಿಧಿ ಆಡಳಿತದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಉತ್ತರದ ಪ್ಯಾರಿಷ್‌ಗಳು ಎಷ್ಟು ದೊಡ್ಡವೆಂದರೆ ಓವರ್‌ಸಿಯರ್‌ಗೆ ಸುತ್ತಿ ಮುಗಿಸಲು ಆಗುತ್ತಿರಲಿಲ್ಲ. ಆದ್ದರಿಂದ ಲ್ಯಾಂಕಶೈರ್, ಯಾರ್ಕ್‌ಶೈರ್, ಡರ್ಬಿಶೈರ್ ಮೊದಲಾದ ಕೌಂಟಿಗಳಲ್ಲಿ ಟೌನ್‌ಶಿಪ್‌ಗಳೇ ಪ್ರತ್ಯೇಕವಾಗಿ ಓವರ್‌ಸಿಯರ್ ನೇಮಿಸಿ, ಪ್ರತ್ಯೇಕ ಕರ ಎತ್ತಬಹುದೆಂದು ಕಾಯ್ದೆ ಅನುಮತಿಸಿತು. ಚರ್ಚಿನ ಪ್ಯಾರಿಷ್ ಬೇರೆ, ಕರ ಎತ್ತುವ ಪ್ಯಾರಿಷ್ ಬೇರೆ ಎಂಬ ಮೊದಲ ಬಿರುಕು ಇದು. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹಳೆಯ ಚರ್ಚ್ ಪ್ಯಾರಿಷ್‌ಗಳು ಹತ್ತು ಸಾವಿರದ ಆಸುಪಾಸಿನಲ್ಲಿದ್ದರೆ, ಬಡವರ ಕರ ಎತ್ತುವ ಘಟಕಗಳು ಹದಿನೈದು ಸಾವಿರ.

ವೆಸ್ಟ್ರಿಯ ಸಭೆ

ಇಷ್ಟೆಲ್ಲ ನಿರ್ಧಾರವಾಗುತ್ತಿದ್ದುದು ಪಾದ್ರಿಯ ನಿಲುವಂಗಿ ಇಡುವ ವೆಸ್ಟ್ರಿ ಎಂಬ ಕೋಣೆಯಲ್ಲಿ. ಸಭೆಗೂ ಅದೇ ಹೆಸರು ಬಂತು. ತೆರೆದ ವೆಸ್ಟ್ರಿಯಲ್ಲಿ ಕರ ಕಟ್ಟುವವರೆಲ್ಲ ಮಾತಾಡಬಹುದು. ಮುಚ್ಚಿದ ವೆಸ್ಟ್ರಿಯಲ್ಲಿ ಕೆಲವರೇ ಕೂತು, ಒಬ್ಬ ಸತ್ತರೆ ಉಳಿದವರೇ ಇನ್ನೊಬ್ಬನನ್ನು ಆರಿಸಿಕೊಳ್ಳುವರು. 1818ರ ಕಾಯ್ದೆ ಆಸ್ತಿಗೆ ತಕ್ಕಂತೆ ಒಬ್ಬನಿಗೆ 6 ಮತದವರೆಗೂ ಕೊಟ್ಟಿತು.

ಪ್ಯಾರಿಷ್‌ನ ಪೆಟ್ಟಿಗೆಗೆ 1603ರ ಚರ್ಚ್ ನಿಯಮದಂತೆ ಮೂರು ಬೀಗ: ಒಂದು ಕೀಲಿ ಪಾದ್ರಿಯ ಬಳಿ, ಎರಡು ವಾರ್ಡನ್ನರ ಬಳಿ. ಮೂವರೂ ಸೇರದೆ ತೆರೆಯಲಾಗದು. ಗಡಿ ಉಳಿಸಿಕೊಳ್ಳುವ ಉಪಾಯ ಇನ್ನೂ ಹಳೆಯದು. ನಕಾಶೆಯಿಲ್ಲದ ಕಾಲದಲ್ಲಿ, ಈಸ್ಟರ್ ಕಳೆದು ಐದು ವಾರಕ್ಕೆ ಬರುವ ರೊಗೇಶನ್ ದಿನಗಳಲ್ಲಿ ಊರವರೆಲ್ಲ ಗಡಿಯುದ್ದಕ್ಕೂ ನಡೆದು, ಗಡಿಕಲ್ಲುಗಳಿಗೆ ಕೋಲಿನಿಂದ ಬಡಿಯುತ್ತಿದ್ದರು. ಜೊತೆಗೆ ಹುಡುಗರನ್ನು ಕರೆದೊಯ್ದು ಕಲ್ಲಿನ ಮೇಲೆ ಕುಕ್ಕುತ್ತಿದ್ದರು. ಅರವತ್ತು ವರ್ಷದ ಮೇಲೆ ವ್ಯಾಜ್ಯ ಬಂದರೆ, ಆ ಕಲ್ಲು ಎಲ್ಲಿತ್ತೆಂದು ಸಾಕ್ಷಿ ಹೇಳಲು ಮೈನೆನಪಿದ್ದ ಒಬ್ಬ ಮುದುಕನಾದರೂ ಇರಬೇಕಲ್ಲ. ಕೆಲವು ಊರುಗಳಲ್ಲಿ ಈ ನಡಿಗೆ ಇಂದಿಗೂ ಉಂಟು.

ಒಡೆದದ್ದು ಎಲ್ಲಿ

18ನೇ ಶತಮಾನದ ಕೊನೆಗೆ ಲೆಕ್ಕ ತಪ್ಪಿತು. 1795ರ ಮೇ ತಿಂಗಳಲ್ಲಿ ಬರ್ಕ್‌ಶೈರಿನ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ಸೇರಿದ ಜಸ್ಟೀಸರು ರೊಟ್ಟಿಯ ಬೆಲೆಗೆ ತಕ್ಕಂತೆ ಕೂಲಿಯವನ ಆದಾಯ ತುಂಬಿಸಿಕೊಡುವ ಪಟ್ಟಿ ಮಾಡಿದರು. ಗ್ಯಾಲನ್ ರೊಟ್ಟಿಗೆ 1 ಶಿಲಿಂಗ್ ಇದ್ದಾಗ ವಾರಕ್ಕೆ ಅವನಿಗೆ 3 ಶಿಲಿಂಗ್, ಹೆಂಡತಿಗೂ ಪ್ರತಿ ಮಗುವಿಗೂ ಒಂದೂವರೆ ಶಿಲಿಂಗ್. ದಕ್ಷಿಣದ ಹಲವು ಕೌಂಟಿಗಳಲ್ಲಿ ಇಂಥ ಪಟ್ಟಿಗಳು ಬಂದವು. 1780ರ ದಶಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಪೌಂಡ್ ಇದ್ದ ಬಡವರ ಖರ್ಚು 1818ರ ಹೊತ್ತಿಗೆ 80 ಲಕ್ಷದ ಹತ್ತಿರ ಬಂತು. ಮ್ಯಾಂಚೆಸ್ಟರಿನಂಥ ಲಕ್ಷ ಮೀರಿದ ಊರುಗಳಿಗೆ ವರ್ಷಕ್ಕೊಬ್ಬ ಬಿಟ್ಟಿ ಓವರ್‌ಸಿಯರ್, ಬಿಟ್ಟಿ ಸರ್ವೇಯರ್ ಎಂಬ ಹಳ್ಳಿಯ ಅಂಗಿ ಎಂದೋ ಹರಿದಿತ್ತು.

1834ರಲ್ಲಿ ಪಾರ್ಲಿಮೆಂಟ್ ಪ್ಯಾರಿಷ್‌ಗಳನ್ನು ಗುಂಪು ಮಾಡಿ, ಸುಮಾರು 600 'ಯೂನಿಯನ್'ಗಳಾಗಿ ಕಟ್ಟಿಸಿತು. ಪ್ರತಿಯೊಂದಕ್ಕೂ ಆಯ್ಕೆಯಾದ ಗಾರ್ಡಿಯನ್ನರ ಮಂಡಳಿ, ಬಡವರನ್ನು ಇರಿಸಿಕೊಂಡು ದುಡಿಸುವ ಒಂದು ವರ್ಕ್‌ಹೌಸ್. ಆದರೆ ಸುಧಾರಕರು ಒಂದು ಎಳೆ ಬಿಟ್ಟರು: ವರ್ಕ್‌ಹೌಸ್ ಎಲ್ಲರದಾದರೂ, ತನ್ನ ಬಡವರ ಖರ್ಚು ಆಯಾ ಪ್ಯಾರಿಷ್‌ನದೇ. ಇದರಿಂದ ಹಳೆಯ ಅನ್ಯಾಯ ಮುಂದುವರಿಯಿತು. ಒಬ್ಬನೇ ಜಮೀನ್ದಾರನಿದ್ದ 'ಮುಚ್ಚಿದ' ಪ್ಯಾರಿಷ್‌ಗಳಲ್ಲಿ ಕೂಲಿಯವರ ಗುಡಿಸಲುಗಳನ್ನು ಕೆಡವಿ, ಹೊಸದು ಕಟ್ಟಲು ಬಿಡದೆ ಕರ ಉಳಿಸಿದರು. ಅದೇ ಹೊಲಕ್ಕೆ ಕೂಲಿಯವರು ಪಕ್ಕದ 'ತೆರೆದ' ಪ್ಯಾರಿಷ್‌ನ ಕಿಕ್ಕಿರಿದ ಬೀದಿಗಳಿಂದ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ದುಡಿಮೆ ಒಂದು ಊರಿಗೆ, ಮುಪ್ಪಿನ ಖರ್ಚು ಇನ್ನೊಂದು ಊರಿಗೆ. 1865ರಲ್ಲಿ ಇಡೀ ಯೂನಿಯನ್ ಒಂದೇ ಜೇಬು ಎಂದಾದ ಮೇಲೆಯೇ ಇದು ಸಡಿಲವಾದದ್ದು.

ಚರ್ಚಿನ ಕಡೆಯ ಗಂಟುಗಳೂ ಇದೇ ಹೊತ್ತಿಗೆ ಬಿಚ್ಚಿಕೊಂಡವು. 1836ರಲ್ಲಿ ದಶಮಾಂಶ ಧಾನ್ಯದಿಂದ ಹಣಕ್ಕೆ ತಿರುಗಿತು. ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆ ಅದರ ಅಳತೆ. 1837ರ ಜುಲೈ 1ರಿಂದ ಜನನ, ಮರಣ, ಮದುವೆಗೆ ಸರ್ಕಾರಿ ನೋಂದಣಿ ಬಂತು. 1868ರಲ್ಲಿ ಕಡ್ಡಾಯ ಚರ್ಚ್ ಕರ ಹೋಯಿತು. ಹೊಸ ಕೈಗಾರಿಕಾ ಊರುಗಳಲ್ಲಿ ಚರ್ಚು ತನಗೆ ಬೇಕಾದ ಹೊಸ ಪ್ಯಾರಿಷ್‌ಗಳನ್ನು ಕಟ್ಟುತ್ತಿತ್ತು. ಅವಕ್ಕೂ ಕರಕ್ಕೂ ಸಂಬಂಧವಿರಲಿಲ್ಲ. ಕೊನೆಗೆ 1866ರ ಕಾಯ್ದೆ ನೇರವಾಗಿ ಹೇಳಿತು: ಪ್ರತ್ಯೇಕ ಬಡವರ ಕರ ಎತ್ತುವ, ಅಥವಾ ಎತ್ತಬಹುದಾದ ಸ್ಥಳವೇ ಪ್ಯಾರಿಷ್. ಉತ್ತರದ ಟೌನ್‌ಶಿಪ್‌ಗಳು ಈ ಒಂದು ವಾಕ್ಯದಿಂದ ಪೂರ್ಣ ಪ್ಯಾರಿಷ್‌ಗಳಾದವು. ಇಂದು 'ಸಿವಿಲ್ ಪ್ಯಾರಿಷ್' ಎನ್ನುವುದು ಇದನ್ನೇ. 1876ರಿಂದ 1882ರ ನಡುವಿನ ಕಾಯ್ದೆಗಳು ಬಿಡಿ ತುಂಡುಗಳನ್ನು ಪಕ್ಕದ ಪ್ಯಾರಿಷ್‌ಗೆ ಸೇರಿಸಲು ದಾರಿ ಮಾಡಿದವು.

1894ರ ಸ್ಥಳೀಯ ಸರ್ಕಾರ ಕಾಯ್ದೆ ವೆಸ್ಟ್ರಿಯ ಲೌಕಿಕ ಅಧಿಕಾರವನ್ನು ಹಳ್ಳಿಗಳಲ್ಲಿ ಪೂರ್ತಿ ಕಿತ್ತುಕೊಂಡಿತು. 300 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿದ್ದ ಗ್ರಾಮೀಣ ಪ್ಯಾರಿಷ್‌ಗೆ ಆಯ್ಕೆಯಾದ ಕೌನ್ಸಿಲ್ ಕಡ್ಡಾಯ, ಚಿಕ್ಕವಕ್ಕೆ ಮತದಾರರೆಲ್ಲ ಸೇರುವ ಪ್ಯಾರಿಷ್ ಸಭೆ. ಕೂಲಿಯವರೂ ಬರಲೆಂದು ಸಭೆ ಸಂಜೆ 6ರ ಮೊದಲು ಶುರುವಾಗಬಾರದೆಂದು ಕಾಯ್ದೆಯಲ್ಲೇ ಬರೆದರು. ಮದುವೆಯಾದ ಹೆಂಗಸರಿಗೂ ಮತ ಹಾಕುವ, ಸ್ಪರ್ಧಿಸುವ ಹಕ್ಕು ಸಿಕ್ಕಿತು. ಪಾದ್ರಿ ತನ್ನ ಹುದ್ದೆಯ ಬಲದಿಂದ ಅಧ್ಯಕ್ಷನಾಗುವುದು ಮುಗಿಯಿತು. ಆದರೆ ಜೇಬು ಮಾತ್ರ ಪುಟ್ಟದು: ಪ್ಯಾರಿಷ್ ಸಭೆಯ ಒಪ್ಪಿಗೆಯಿಲ್ಲದೆ ಪೌಂಡಿಗೆ 3 ಪೆನ್ಸ್, ಒಪ್ಪಿಗೆಯಿದ್ದರೂ 6 ಪೆನ್ಸ್ ಮೀರುವಂತಿಲ್ಲ. ಓವರ್‌ಸಿಯರ್ ಹುದ್ದೆ ಇನ್ನೂ ಮೂವತ್ತು ವರ್ಷ ಎಳೆದು, 1925ರ ಕಾಯ್ದೆಯಿಂದ ಕೊನೆಗೊಂಡಿತು.

ಹಳೆಯ ದಾಖಲೆ ನೋಡುವವರಿಗೆ

ವಂಶಾವಳಿಗೋ ಸಂಶೋಧನೆಗೋ ಪ್ಯಾರಿಷ್ ದಾಖಲೆ ಬಗೆದು ನೋಡುವವರು ಎಡವುವ ಜಾಗಗಳು ಕೆಲವೇ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಪುಸ್ತಕದಲ್ಲಿ 1700ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1701. ಬಹಳಷ್ಟು ಪುಸ್ತಕಗಳು 1538ರಿಂದಲ್ಲ, 1558ರಿಂದ ಸಿಗುತ್ತವೆ. 1598ರಲ್ಲಿ ಹಳೆಯ ಕಾಗದದ ದಾಖಲೆಗಳನ್ನು ಚರ್ಮಪತ್ರಕ್ಕೆ ಇಳಿಸುವಾಗ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ವರ್ಷದಿಂದ ಬರೆದರೂ ಸಾಕು ಎಂಬಂತೆ ಆದೇಶವಿತ್ತು. 1642ರಿಂದ 1660ರ ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ ತೆರಪುಗಳು ಸಾಮಾನ್ಯ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆಯಿತ್ತು, ಬಡವರಿಗೆ ವಿನಾಯಿತಿ; ಆ ವರ್ಷಗಳಲ್ಲಿ 'ಬಡವ' ಎಂಬ ಗುರುತು ಕಂಡರೆ ಅದನ್ನು ಅಕ್ಷರಶಃ ನಂಬಬೇಡಿ, ತೆರಿಗೆ ರದ್ದಾದ ಮೇಲೆ ಮಕ್ಕಳಿಗೆ ಒಟ್ಟಿಗೇ ಜ್ಞಾನಸ್ನಾನ ಮಾಡಿಸಿದ್ದರೂ ಅಚ್ಚರಿಪಡಬೇಡಿ. ಎಲ್ಲಕ್ಕಿಂತ ಮುಖ್ಯ, ಹುಡುಕುತ್ತಿರುವುದು ಚರ್ಚ್ ಪ್ಯಾರಿಷೋ ಸಿವಿಲ್ ಪ್ಯಾರಿಷೋ ಎಂದು ಮೊದಲೇ ತಿಳಿಯಿರಿ. ಹೆಸರು ಒಂದೇ ಇದ್ದು ಗಡಿ ಬೇರೆ ಇರಬಹುದು. ಉತ್ತರದಲ್ಲಾದರೆ ಜ್ಞಾನಸ್ನಾನದ ನಮೂದು ತಾಯಿಚರ್ಚಿನಲ್ಲಿ, ಬಡವರ ಲೆಕ್ಕ ಟೌನ್‌ಶಿಪ್‌ನಲ್ಲಿ ಇರುತ್ತದೆ.

ಮನೆ ಕೊಳ್ಳುವವರಿಗೂ ಒಂದು ಹಳೆಯ ಬಾಲ ಅಂಟಿಕೊಂಡಿದೆ. ಚಾನ್ಸೆಲ್ ರಿಪೇರಿಯ ಹೊಣೆ ರೆಕ್ಟರನ ನೆಲದ ಜೊತೆಗೇ ಕೈ ಬದಲಿಸುತ್ತ ಬಂದಿದ್ದರಿಂದ, ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಎಂಬಲ್ಲಿ ಅಂಥ ಹೊಲ ಹೊಂದಿದ್ದವರೇ ಚರ್ಚಿನ ರಿಪೇರಿ ಖರ್ಚು ಭರಿಸಬೇಕೆಂದು ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ತೀರ್ಪು ಕೊಟ್ಟಿತು. 2013ರ ಅಕ್ಟೋಬರ್ 13ರ ನಂತರ, ಭೂನೋಂದಣಿಯಲ್ಲಿ ದಾಖಲಾಗದ ಇಂಥ ಹೊಣೆ ಸಾಮಾನ್ಯವಾಗಿ ಬೆಲೆಕೊಟ್ಟು ಕೊಂಡ ಹೊಸ ಮಾಲೀಕನನ್ನು ಕಟ್ಟಿಹಾಕದು. ವಕೀಲರು ಖರೀದಿ ವೇಳೆ 'ಚಾನ್ಸೆಲ್ ಸರ್ಚ್' ಎಂದು ಶುಲ್ಕ ಸೇರಿಸುವುದು ಇದಕ್ಕೇ.

ಇಂದಿನ ಪ್ಯಾರಿಷ್ ಕೌನ್ಸಿಲ್

1974ರಲ್ಲಿ ಜಾರಿಗೆ ಬಂದ ಮರುವಿಂಗಡಣೆಯಲ್ಲಿ ವೇಲ್ಸಿನ ಪ್ಯಾರಿಷ್‌ಗಳು 'ಕಮ್ಯುನಿಟಿ'ಗಳಾದವು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಉಳಿಯಿತು. ಈಗ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿವಿಲ್ ಪ್ಯಾರಿಷ್‌ಗಳಿವೆ. ಕೌನ್ಸಿಲ್ಲಿನಲ್ಲಿ ಕನಿಷ್ಠ 5 ಸದಸ್ಯರು. ಸ್ಮಶಾನ, ಆಟದ ಮೈದಾನ, ಕಾಲುದಾರಿ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ, ಊರಿನ ಸಭಾಭವನ, ಕೆಲವೆಡೆ ಬೀದಿದೀಪ ಇವು ಅದರ ಕೆಲಸ. ಕಟ್ಟಡ ಯೋಜನೆಗಳ ಬಗ್ಗೆ ಅಭಿಪ್ರಾಯ ಹೇಳಬಹುದು, ತೀರ್ಮಾನಿಸುವಂತಿಲ್ಲ.

ಬಿಲ್ಲಿನ ಆ ಸಾಲಿನ ಹೆಸರು 'ಪ್ರಿಸೆಪ್ಟ್'. ಕೌನ್ಸಿಲ್ ತನ್ನ ವರ್ಷದ ಖರ್ಚು ಲೆಕ್ಕ ಹಾಕಿ, ಮಾರ್ಚ್ 1ರ ಮೊದಲು ಡಿಸ್ಟ್ರಿಕ್ಟಿಗೆ ತಿಳಿಸುತ್ತದೆ. ವಸೂಲಿ ಮಾಡಿಕೊಡುವುದು ಡಿಸ್ಟ್ರಿಕ್ಟ್. ಈ ತೆರಿಗೆಗಾಗಿ ಮನೆಗಳನ್ನು ಬೆಲೆಗೆ ತಕ್ಕಂತೆ ಎ ಇಂದ ಎಚ್ ವರೆಗೆ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಖರ್ಚಿಗೆ 30,000 ಪೌಂಡ್ ಬೇಕು, ಡಿ ದರ್ಜೆಗೆ ಸಮನಾಗಿ ಎಣಿಸಿದ ಮನೆಗಳು 600 ಎಂದಿಟ್ಟುಕೊಳ್ಳಿ. ಡಿ ದರ್ಜೆಯ ಮನೆಗೆ 50 ಪೌಂಡ್, ಎ ದರ್ಜೆಗೆ ಅದರ ಮೂರನೇ ಎರಡು ಪಾಲು, ಎಚ್ ದರ್ಜೆಗೆ ಎರಡರಷ್ಟು. ಈ ಹಣ ಎಲ್ಲಿ ಹೋಗುತ್ತದೆಂದು ಕೇಳಲು ಪ್ರತಿ ವರ್ಷ ಮಾರ್ಚ್ 1ರಿಂದ ಜೂನ್ 1ರೊಳಗೆ ಪ್ಯಾರಿಷ್ ಸಭೆ ನಡೆಯಲೇಬೇಕು. ಮತದಾರರ ಪಟ್ಟಿಯಲ್ಲಿರುವ ಯಾರೂ ಅಲ್ಲಿ ಎದ್ದು ಮಾತಾಡಬಹುದು. ಭಾರತದ ಪೌರತ್ವ ಇಟ್ಟುಕೊಂಡೇ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರು ಕಾಮನ್‌ವೆಲ್ತ್ ಪ್ರಜೆಗಳಾಗಿ ಆ ಪಟ್ಟಿಗೆ ಸೇರಬಹುದು. ಸಭೆ ಇಂದಿಗೂ ಸಂಜೆ 6ರ ಮೊದಲು ಶುರುವಾಗುವಂತಿಲ್ಲ.

ಪ್ಯಾರಿಷ್ ಇಲ್ಲದ ಕಡೆ ಹೊಸದನ್ನು ಕೇಳಿ ಪಡೆಯಬಹುದು. 500ಕ್ಕಿಂತ ಕಡಿಮೆ ಮತದಾರರ ಪ್ರದೇಶವಾದರೆ ಅವರಲ್ಲಿ ಶೇ. 37.5, ಎರಡೂವರೆ ಸಾವಿರದವರೆಗೆ 187 ಮಂದಿ, ಅದಕ್ಕೂ ಹೆಚ್ಚಿದ್ದರೆ ಶೇ. 7.5 ಮತದಾರರು ಅರ್ಜಿಗೆ ಸಹಿ ಹಾಕಿದರೆ ಮೇಲಿನ ಕೌನ್ಸಿಲ್ ಪರಿಶೀಲನೆ ನಡೆಸಬೇಕು. ಲಂಡನ್ನಿನಲ್ಲಿ ಪ್ಯಾರಿಷ್ ಕೌನ್ಸಿಲ್ಲಿಗೆ 1963ರ ಕಾಯ್ದೆ ಅವಕಾಶವೇ ಬಿಟ್ಟಿರಲಿಲ್ಲ. 2007ರ ಕಾಯ್ದೆ ಆ ಬಾಗಿಲು ತೆರೆಯಿತು. ವೆಸ್ಟ್‌ಮಿನ್‌ಸ್ಟರಿನ ಕ್ವೀನ್ಸ್ ಪಾರ್ಕ್ ಬಡಾವಣೆಯ ಜನ ಸಹಿ ಸಂಗ್ರಹಿಸಿ, ಮತ ಹಾಕಿ, 2014ರ ಮೇ ತಿಂಗಳಲ್ಲಿ ತಮ್ಮ ಕೌನ್ಸಿಲ್ಲನ್ನು ಆರಿಸಿಕೊಂಡರು. ಚರ್ಚಿನ ಗಡಿ ನೋಡಿ ಕಟ್ಟಿದ ಪ್ಯಾರಿಷ್ ಅಲ್ಲ ಅದು. ತಮ್ಮ ಬೀದಿಗಳಿಗಾಗಿ ತಮ್ಮ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಿಗೆ ಬರಲಿ ಎಂದು ಅಲ್ಲಿನವರು ತಾವೇ ಒಪ್ಪಿ ಕಟ್ಟಿಕೊಂಡದ್ದು.